ದೊಡ್ಡಕ್ಕನ ಬಲಗೈ

ಆ ಹಡಗು ತನ್ನ ಬಾಳಿನಲ್ಲಿ ಮೂರು ಹೆಸರುಗಳನ್ನು ಹೊತ್ತಿತ್ತು. ಮೂತಿಯ ಬಳಿ ಬಣ್ಣದ ಮೇಲೆ ಅಂಗೈ ಆಡಿಸಿದರೆ, ಮೊದಲ ಹೆಸರಿನ ಉಕ್ಕಿನ ಅಕ್ಷರಗಳನ್ನು ಉಳಿಯಿಂದ ಕೆತ್ತಿ ತೆಗೆದ ಗಾಯ ಇನ್ನೂ ಕೈಗೆ ತಗಲುತ್ತಿತ್ತು. ಎರಡನೆಯ ಹೆಸರು ಬಣ್ಣದಡಿ ಮುಳುಗಿಹೋಗಿತ್ತು. ಮೂರನೆಯದು ಈಗಿನ ಕಂಪನಿಯವರು ಅಂಟಿಸಿದ ಬರಿಯ ಒಂದು ಸಂಖ್ಯೆ. ಆದರೆ ಕಾರು, ಲಾರಿ, ಸರಕು, ಜನ ಎಲ್ಲವನ್ನೂ ಒಡಲಲ್ಲಿ ತುಂಬಿಕೊಂಡು ಈ ದಡದಿಂದ ಆ ದಡಕ್ಕೆ ಎಡೆಬಿಡದೆ ಓಡಾಡುತ್ತಿದ್ದ ಅದನ್ನು, ಅಲ್ಲಿ ದುಡಿಯುವವರು ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದು. ಮನೆಮಂದಿಯ ಭಾರವನ್ನೆಲ್ಲ ಹೊತ್ತೂ ತುಟಿ ಪಿಟಕ್ಕೆನ್ನದವಳು ಎಂಬ ಅರ್ಥದಲ್ಲಿ.

ಆ ದೊಡ್ಡಕ್ಕ ಕೆಲವು ಕಾಲದಿಂದ ವಾಲುತ್ತಿದ್ದಳು. ದೊಡ್ಡ ದುರಸ್ತಿ ಮುಗಿಸಿಕೊಂಡು ಮರಳಿ ನೀರಿಗಿಳಿದ ದಿನದಿಂದ ಅವಳ ಎಡಭುಜ ತುಸು ಇಳಿದೇ ಇರುತ್ತಿತ್ತು. ಪ್ರಯಾಣಿಕರು ಮೇಜಿನ ಮೇಲಿಟ್ಟ ಪೆನ್ನು ತಾನಾಗಿ ಎಡಕ್ಕೆ ಉರುಳುತ್ತಿತ್ತು. ಶೌಚಾಲಯದ ಬಾಗಿಲು ತೆರೆದರೆ ಮುಚ್ಚದು, ಮುಚ್ಚಿದರೆ ತೆರೆಯದು. ಇಂಜಿನ್ ಮನೆಯವರು ಸರಿತೂಗಲೆಂದು ಹಡಗಿನ ತಳದ ಬಲಗಡೆಯ ತೊಟ್ಟಿಗೆ ನೀರು ತುಂಬಿ ನೋಡಿದರು. ಅರ್ಧ ವಾಲಿಕೆ ಹೋಯಿತು, ಅರ್ಧ ಉಳಿಯಿತು. "ಪ್ರಾಯ ಆಯ್ತು, ಬೆನ್ನು ಸೊಟ್ಟಗಾಯ್ತು" ಎಂದು ಕಂಪನಿಯವರು ಷರಾ ಬರೆದುಬಿಟ್ಟರು. ಈಗ ತಪಾಸಣೆಯ ದಿನ ಬಂದಿತ್ತು. ಅಧಿಕಾರಿ ಆಚೆ ದಡಕ್ಕೊಮ್ಮೆ ಹೋಗಿ, ಮರಳಿ ಬರುವಾಗಲೂ ಅಳೆದು ನೋಡಿ ತೀರ್ಮಾನ ಬರೆಯುವವನಿದ್ದ. ವಾಲಿಕೆ ಹೀಗೆಯೇ ಉಳಿದರೆ ಜನರನ್ನು ಹೊರುವ ಪರವಾನಗಿ ಇಲ್ಲ. ಪರವಾನಗಿ ತಪ್ಪಿದ ಮುದಿ ಹಡಗಿಗೆ ಉಳಿಯುವುದು ಒಂದೇ ದಾರಿ, ಹಡಗು ಒಡೆಯುವವರ ಅಂಗಳ.

ಈ ಸುದ್ದಿ ಕೇಳಿದ ರಾತ್ರಿ ಮೇಸ್ತ್ರಿ ಊಟದ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕುಳಿತಿದ್ದ. ತನ್ನ ದುಡಿಮೆಯ ಆಯುಷ್ಯವನ್ನೆಲ್ಲ ಅವನು ಆ ಹಡಗಿನಲ್ಲಿ ಗಾಡಿಗಳು ನಿಲ್ಲುವ ಕೆಳ ಅಂತಸ್ತಿನಲ್ಲೇ ಸವೆಸಿದ್ದ. ದಡದಿಂದ ಒಳಬರುವ ಒಂದೊಂದು ಗಾಡಿಯ ಸ್ಪ್ರಿಂಗು ಎಷ್ಟು ಕುಗ್ಗಿದೆಯೆಂದು ಕಣ್ಣಳತೆಯಲ್ಲೇ ಕಂಡುಕೊಂಡು, ಕೈಸನ್ನೆ ಮಾಡಿ, ಯಾವುದನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟು ಸರಪಳಿ ಬಿಗಿಸುವುದು ಅವನ ಕಸುಬು. ನಿವೃತ್ತನಾಗುವಾಗ ಆ ಕಸುಬನ್ನು ಅವನು ಒಪ್ಪಿಸಿದ್ದು ತನ್ನ ಮಗಳಿಗೆ. ಹಡಗಿನವರು ಅವಳನ್ನು ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು.

"ತಪಾಸಣೆ ದಿನ ನಾನೂ ಹೋಗಿಬರ್ತೀನಿ, ಅವಳ ಜೊತೆಗಿರ್ತೀನಿ" ಎಂದ ಮೇಸ್ತ್ರಿ. ಅವಳು ಎಂದರೆ ಮಗಳೋ ಹಡಗೋ ಎಂದು ಹೆಂಡತಿ ಕೇಳಲಿಲ್ಲ.

"ನಾನೂ ಬರ್ತೀನಿ" ಎಂದಳು ಅಷ್ಟೇ.

ಮೇಸ್ತ್ರಿ ತಟ್ಟೆಯನ್ನು ಅತ್ತ ಸರಿಸಿದ. ಹೆಂಡತಿಯನ್ನು ಆ ಹಡಗಿಗೆ ಕರೆದೊಯ್ಯದಿರಲು ಅವನು ಇಷ್ಟು ದಿನ ಹೂಡಿದ ನೆಪಗಳು ಒಂದೆರಡಲ್ಲ. ಗಾಳಿ ಜಾಸ್ತಿ, ಮೆಟ್ಟಿಲು ಜಾರುತ್ತೆ, ಕೂರೋಕೆ ಜಾಗ ಸಿಗಲ್ಲ. ನಿಜವಾದ ಕಾರಣ ಬೇರೆ. ಮೇಲಿನ ಅಂತಸ್ತಿನ ಬಲಬದಿಯಲ್ಲಿ ಹಡಗಿನ ದೊಡ್ಡ ಅಡುಗೆಮನೆಯಿತ್ತು. ಆ ಅಡುಗೆಮನೆಗೆ ಅವಳೇ ಒಡತಿಯಾಗಿದ್ದಳು. ಕಬ್ಬಿಣದ ಒಲೆಗಳು, ಹಂಡೆಯಂಥ ಪಾತ್ರೆಗಳು, ನೀರಿನ ತೊಟ್ಟಿ, ಹಿಂದುಗಡೆ ಮಾಂಸ ಮೀನು ಕೆಡದಂತೆ ಇಡುವ ಶೀತಲ ಕೋಣೆ. ಹತ್ತಿರದಲ್ಲೇ ಹಡಗು ನಿಲ್ಲುವ ಹೊಸ ಧಕ್ಕೆ ಕಟ್ಟಿದ ಮೇಲೆ ದಾರಿ ಮೊಟಕಾಯಿತು. ಚಹಾ ಕುಡಿಯುವಷ್ಟರಲ್ಲಿ ಆಚೆ ದಡ ಬರುವಾಗ ಊಟ ಯಾರಿಗೆ ಬೇಕು? ದುರಸ್ತಿಯ ಹೊತ್ತಿನಲ್ಲಿ ಕಂಪನಿಯವರು ಅದನ್ನೆಲ್ಲ ಬುಡಸಮೇತ ಕಿತ್ತು ಹಾಕಿ ಬೆಂಚು ಜೋಡಿಸಿದ್ದರು. ಅದೇ ಹೊತ್ತಿಗೆ ಹೆಂಡತಿ ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಆ ಹಾಸಿಗೆಯ ಪಕ್ಕ ಕೂತು ಈ ಸುದ್ದಿ ಹೇಳಲು ಮೇಸ್ತ್ರಿಗೆ ನಾಲಿಗೆ ಏಳಲಿಲ್ಲ; ಅಂದು ಏಳದ ನಾಲಿಗೆ ಆಮೇಲೂ ಏಳಲಿಲ್ಲ. ಮಗಳನ್ನು ನೋಡಲು ಹಡಗಿಗೆ ಹೋದಾಗಲೂ ಅವನು ಕೆಳಗಷ್ಟೇ ಸುಳಿದಾಡಿ ಬರುತ್ತಿದ್ದ. ಮೇಲೆ ಹತ್ತಿ ಬಲಗಡೆಗೆ ಒಮ್ಮೆಯೂ ಕಣ್ಣು ಹಾಯಿಸಿದವನಲ್ಲ.

ತಪಾಸಣೆಯ ಬೆಳಗ್ಗೆ ಇಬ್ಬರೂ ಧಕ್ಕೆಗೆ ಬಂದರು. ಮೇಸ್ತ್ರಿ ಎಂದಿನಂತೆ ಹೆಂಡತಿಯ ಎಡಬದಿಗೆ ನಿಂತು, ತನ್ನ ಬಲಗೈಯನ್ನು ಅವಳ ಮೊಣಕೈಯ ಕೆಳಗೆ ಊರುಗೋಲಿನಂತೆ ಕೊಟ್ಟಿದ್ದ. ಅವಳ ಸೊಂಟ ಕೂಡಿಕೊಂಡು, ವೈದ್ಯರು ಬೆನ್ನು ತಟ್ಟಿ ಕಳಿಸಿ ಎಷ್ಟೋ ಕಾಲವಾಗಿತ್ತು. ಕೈ ಮಾತ್ರ ಅಲ್ಲಿಂದ ಕದಲಿರಲಿಲ್ಲ.

"ನಾನೇನು ಲಾರಿನಾ, ಸರಪಳಿ ಬಿಗಿಯೋಕೆ?" ಎಂದಳು ಅವಳು.

"ಇಳಿಜಾರು ಕಣೇ. ಜಾರಿಬಿದ್ರೆ?"

"ಬಿದ್ರೆ ಚಕ್ರಕ್ಕೆ ಒಂದು ಮರದ ತುಂಡು ಕೊಡಿ."

ಹಡಗಿನ ಬಾಗಿಲಲ್ಲಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮಗಳು ಗಾಡಿಗಳನ್ನು ಒಳಬಿಡುತ್ತಿದ್ದಳು. ಸಿಮೆಂಟು ಹೊತ್ತ ಲಾರಿ ಬಂತು. ಅವಳ ಕೈ ಎಡಕ್ಕೆ ಹೊರಳಿತು. ಮರದ ದಿಮ್ಮಿಯ ಲಾರಿ ಬಂತು, ಅದೂ ಎಡಕ್ಕೆ. ಸಣ್ಣ ಕಾರುಗಳು, ತರಕಾರಿ ವ್ಯಾನು, ಮಿಠಾಯಿಯಂತೆ ಹೊಳೆಯುವ ಹೊಸ ಸ್ಕೂಟರುಗಳು ಬಲಕ್ಕೆ. ಭಾರವೆಲ್ಲ ಎಡಕ್ಕೆ ಎಂಬುದು ದೊಡ್ಡಕ್ಕನಲ್ಲಿ ದುಡಿಯುವವರಿಗೆ ಉಸಿರಾಟದಷ್ಟೇ ಸಹಜವಾದ ಪದ್ಧತಿ. ಮೇಸ್ತ್ರಿ ಹಗ್ಗ ಎಳೆಯುವ ಆಳಾಗಿ ಸೇರಿದಾಗ, ಹಡಗಿನ ಜೊತೆಯಲ್ಲೇ ದೂರದ ಕಡಲಿಂದ ಬಂದಿದ್ದ ಹಳೆಯ ಮೇಸ್ತ್ರಿಯೊಬ್ಬ ಅವನ ಕಿವಿ ಹಿಂಡಿ ಕಲಿಸಿದ ಮೊದಲ ಪಾಠವೇ ಅದು. "ಮೂಟೆಯನ್ನ ದೊಡ್ಡಕ್ಕನ ಎಡಗೈಗೆ ಕೊಡು ಮಾರಾಯ. ಅವಳ ಬಲಗೈ ಖಾಲಿ ಇಲ್ಲ." ಖಾಲಿ ಇಲ್ಲವೆಂದರೆ ಏನು ಹಿಡಿದಿದ್ದಾಳೆ ಎಂದು ಕೇಳುವ ಧೈರ್ಯ ಆಗ ಇರಲಿಲ್ಲ, ಆಮೇಲೆ ಕೇಳಬೇಕೆನಿಸಲಿಲ್ಲ. ಇದು ಅವಳ ಹುಟ್ಟುಗುಣವೆಂದು ನಂಬಿ, ಅದೇ ಮಾತನ್ನು ಅದೇ ಧಾಟಿಯಲ್ಲಿ ಮಗಳ ಕಿವಿಗೂ ಹಾಕಿದ್ದ.

ಹಡಗು ದಡ ಬಿಟ್ಟಿತು. ಮೇಸ್ತ್ರಿ ಹೆಂಡತಿಯನ್ನು ಉಪಾಯವಾಗಿ ಎಡಬದಿಯ ಕಿಟಕಿಗೆ ಕರೆತಂದು ಕೂರಿಸಿದ. "ಇಲ್ಲಿಂದ ದೀಪಸ್ತಂಭ ಚೆನ್ನಾಗಿ ಕಾಣುತ್ತೆ."

"ದೀಪಸ್ತಂಭ ನಾನು ನೋಡದೇ ಇರೋದಾ? ಅದಕ್ಕೆ ಸುಣ್ಣ ಬಳಿಯೋದನ್ನೂ ನೋಡಿದೀನಿ."

ಅಷ್ಟರಲ್ಲಿ ತಪಾಸಣೆಯ ಅಧಿಕಾರಿ ಮಗಳೊಂದಿಗೆ ಅಲ್ಲಿಗೆ ಬಂದ. ಕನ್ನಡಕದ, ಸೌಮ್ಯ ಮುಖದ ಹುಡುಗಪ್ರಾಯದವನು. ಗಾರೆಯವರು ಬಳಸುವಂಥ, ಆದರೆ ಇನ್ನೂ ಸೂಕ್ಷ್ಮವಾದ ಒಂದು ರಸಮಟ್ಟವನ್ನು ಚೀಲದಿಂದ ತೆಗೆದು ನೆಲದ ಮೇಲಿಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುಮಧ್ಯದಲ್ಲಿ ನಿಲ್ಲದೆ ಬಲಕ್ಕೆ ಏರಿ ಕುಳಿತಿತು. ಎಡ ತಗ್ಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದ ಅಧಿಕಾರಿ ಮಗಳಿಗೆ. "ಭಾರದ ಲಾರಿಗಳೆಲ್ಲ ಎಡಗಡೆನೇ ಯಾಕೆ?"

ಮಗಳು ಬಾಯಿ ತೆರೆದವಳು ತಂದೆಯ ಮುಖ ನೋಡಿ ಸುಮ್ಮನಾದಳು. ಮೇಸ್ತ್ರಿ ಎದ್ದುನಿಂತ.

"ಅದು ಈ ಹಡಗಿನ ಪದ್ಧತಿ ಸಾರ್."

"ಸರಿ. ಯಾಕೆ ಅಂತ ಕೇಳಿದೆ."

"ಯಾಕೆ ಅಂದ್ರೆ? ನೀವು ಹುಟ್ಟೋಕೆ ಮುಂಚೆಯಿಂದ ಹೀಗೇ."

"ನಾನು ಹುಟ್ಟೋಕೆ ಮುಂಚೆಯೂ ಹೀಗೇ ವಾಲ್ತಿತ್ತಾ ಯಜಮಾನ್ರೇ?"

"ಇಲ್ಲಪ್ಪ! ಆಗ ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಗ್ತಿದ್ಲು. ದುರಸ್ತಿ ಮಾಡ್ತೀವಿ ಅಂತ ಕರ್ಕೊಂಡು ಹೋಗಿ ಇವಳ ಬೆನ್ನು ಮುರಿದು ಕಳಿಸಿದ್ರು ನೋಡಿ, ಅದಕ್ಕೆ."

ಅಧಿಕಾರಿ ವಾದಕ್ಕಿಳಿಯಲಿಲ್ಲ. "ಬರುವಾಗ ಇನ್ನೊಂದು ಸಲ ನೋಡ್ತೀನಿ. ಆಗಲೂ ಹೀಗೇ ಇದ್ರೆ ನನ್ನ ಕೈಲಿ ಏನೂ ಇಲ್ಲ" ಎಂದು ಮೆಲುವಾಗಿ ಹೇಳಿ, ಇಂಜಿನ್ ಮನೆಯತ್ತ ಇಳಿದುಹೋದ. ಮಗಳೂ ತಲೆ ತಗ್ಗಿಸಿಕೊಂಡು ಅವನ ಹಿಂದೆ ನಡೆದಳು. ಅವಳ ನಡಿಗೆಯಲ್ಲಿ ಎಂದೂ ಇಲ್ಲದ ಒಂದು ಬಳಲಿಕೆಯಿತ್ತು. ಅವಳು ಮೆಟ್ಟಿಲಿಳಿದು ಮರೆಯಾಗುವವರೆಗೂ ಮೇಸ್ತ್ರಿ ನೋಡುತ್ತಾ ನಿಂತ. ತಿರುಗಿ ನೋಡುತ್ತಾನೆ, ಬೆಂಚಿನ ಮೇಲೆ ಹೆಂಡತಿಯಿಲ್ಲ!

ಎಲ್ಲಿಗೆ ಹೋಗಿರಬಹುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನು ಬಲಬದಿಗೆ ಓಡಿದ.

ಅಡುಗೆಮನೆಯಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು. ಗೋಡೆಯಿದ್ದಲ್ಲಿ ಉದ್ದನೆಯ ಕಿಟಕಿ, ಒಲೆಯಿದ್ದಲ್ಲಿ ನೀಲಿ ಬೆಂಚು; ಒಂದು ಮಗು ಆ ಬೆಂಚಿನ ಮೇಲೆ ಬೋರಲಾಗಿ ಮಲಗಿ ನಿದ್ದೆ ಹೋಗಿತ್ತು. ಶೀತಲ ಕೋಣೆಯ ದಪ್ಪ ಬಾಗಿಲಿದ್ದ ಕಡೆ ಗೋಡೆಗೆ ಒಂದು ಹಳೆಯ ಚಿತ್ರ ತೂಗುಹಾಕಿದ್ದರು. ಹೆಂಡತಿ ಅದರ ಮುಂದೆ ಯಾರ ಆಸರೆಯೂ ಇಲ್ಲದೆ ನಿಂತಿದ್ದಳು.

"ಹೇಳಬೇಕು ಅಂತಿದ್ದೆ ಕಣೇ" ಎಂದ ಮೇಸ್ತ್ರಿ. "ಆವಾಗ ನೀನು ಹಾಸಿಗೆ ಹಿಡಿದಿದ್ದೆ. ಆಮೇಲೆ..."

"ಗೊತ್ತು ಬಿಡಿ. ಒಲೆ ಕಿತ್ತ ದಿನಾನೇ ಮಗಳು ಬಂದು ಹೇಳಿದ್ಲು."

"ಮತ್ತೆ ಒಂದು ಮಾತೂ ಆಡ್ಲಿಲ್ಲ?"

"ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ಗಾಳಿ ಅಂತೀರಿ, ಮೆಟ್ಟಿಲು ಅಂತೀರಿ. ಪಾಪ, ಅದನ್ನ ಕೆಡಿಸೋದು ಯಾಕೆ ಅಂತ ಸುಮ್ಮನಿದ್ದೆ." ಅವಳು ನಕ್ಕಳು, ಕಣ್ಣಂಚು ಮಾತ್ರ ಒದ್ದೆಯಾಗಿತ್ತು. "ಬೆಳಕು ಚೆನ್ನಾಗಿ ಬರುತ್ತೆ ಅಲ್ವಾ? ನನ್ನ ಕಾಲದಲ್ಲಿ ಹೊಗೆ ಬಿಟ್ರೆ ಬೇರೇನೂ ಕಾಣ್ತಿರಲಿಲ್ಲ. ಇಲ್ಲೇ ನಿಂತು ನಿಮಗೆ ಸೌಟು ಎತ್ತಿದ್ದೆ, ನೆನಪಿದೆಯಾ?"

ನೆನಪಿಲ್ಲದೆ ಉಂಟೇ! ಅವನು ಕೆಲಸ ಕಲಿಯುತ್ತಿದ್ದ ದಿನಗಳವು. ಒಂದು ದಿನ ಗೋಧಿ ಮೂಟೆಯ ಲಾರಿಯನ್ನು ಮೈಮರೆತು ಬಲಕ್ಕೆ ನಿಲ್ಲಿಸಿದ್ದ. ಹಡಗು ಬಲಕ್ಕೆ ವಾಲಿ, ಮೇಲೆ ಅಂಚಿನವರೆಗೆ ತುಂಬಿದ್ದ ಬಟಾಣಿ ಸೂಪು ಚೆಲ್ಲಿ ಒಲೆಯೇ ಆರಿಹೋಯಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಡುಗೆಯ ಹುಡುಗಿ ಸೌಟು ಹಿಡಿದುಕೊಂಡೇ ಕೆಳಗಿಳಿದು ಬಂದು, "ಯಾರ್ರೀ ಅದು ಲಾರಿ ನಿಲ್ಲಿಸಿದ್ದು? ಇವತ್ತು ಎಲ್ಲರಿಗೂ ನೀವೇ ಊಟ ಹಾಕಿ" ಎಂದು ಅಷ್ಟೂ ಜನರ ಎದುರಿಗೆ ನೀರಿಳಿಸಿದ್ದಳು. ಅಂದಿನಿಂದ ಅವನಿಗೆ ರಸಮಟ್ಟ ಬೇಕಾಗಲಿಲ್ಲ. ಗಾಡಿಗಳನ್ನು ಜೋಡಿಸಿ ಮುಗಿಸಿದ ಮೇಲೆ, ಸೂಪು ಸರಿಯಾಗಿ ನಿಂತಿದೆಯೇ ಎಂದು ಕೇಳುವ ನೆಪದಲ್ಲಿ ಮೇಲೆ ಹತ್ತುವುದು ರೂಢಿಯಾಯಿತು. ಸೂಪು ಯಾವಾಗಲೂ ಸರಿಯಾಗಿಯೇ ನಿಂತಿರುತ್ತಿತ್ತು. ಆದರೂ ಅವನು ಹತ್ತುವುದನ್ನು ಬಿಡಲಿಲ್ಲ, ಅವಳು ಒಂದು ಬಟ್ಟಲು ತೆಗೆದಿಡುವುದನ್ನೂ ಬಿಡಲಿಲ್ಲ. ಮುಂದಿನದನ್ನು ಹಡಗಿನವರೇ ನಿಂತು ನೆರವೇರಿಸಿದರು.

"ರೀ, ಇಲ್ಲಿ ನೋಡಿ" ಎಂದಳು ಹೆಂಡತಿ, ಗೋಡೆಯ ಚಿತ್ರಕ್ಕೆ ಮುಖ ಹತ್ತಿರ ತಂದು. "ಇವಳು ದೊಡ್ಡಕ್ಕನೇ ತಾನೆ?"

"ಹೂಂ. ಹೊಸದಾಗಿ ನೀರಿಗಿಳಿದಾಗ ತೆಗೆದದ್ದು."

ದೂರದ ಯಾವುದೋ ಬಂದರಿನಲ್ಲಿ, ಎದುರಿನಿಂದ ತೆಗೆದ ಚಿತ್ರ. ಮೂತಿಯ ಬಾಗಿಲು ತೆರೆದಿದೆ. ಒಳಗೆ ಹಳಿಗಳ ಮೇಲೆ ರೈಲಿನ ಸರಕು ಡಬ್ಬಿಗಳು ಸಾಲಾಗಿ ನಿಂತಿವೆ. ಆ ಕಾಲದಲ್ಲಿ ಅವಳು ರೈಲನ್ನೇ ನುಂಗಿ ದಾಟಿಸುತ್ತಿದ್ದಳು. ಆ ಹಳಿಗಳು ಸಿಮೆಂಟಿನಡಿ ಈಗಲೂ ಇವೆ. ಮೇಸ್ತ್ರಿಯ ಬೂಟಿಗೆ ಅವುಗಳ ಪರಿಚಯವುಂಟು. ಅಲ್ಲಿ ಸೇತುವೆ ಕಟ್ಟಿದ ಮೇಲೆ ಕೆಲಸ ಕಳೆದುಕೊಂಡು, ಎರಡನೆಯವರ ಕೈಗೆ ಬಂದು, ಒಂದು ಹಗಲು ಒಂದು ಇರುಳು ಹಿಡಿಯುವ ದೂರದ ದಾರಿಯಲ್ಲಿ ಓಡಿದಳು. ಅಲ್ಲಿಂದ ಈ ಜಲಸಂಧಿಗೆ ಬಂದಳು. ಇದೆಲ್ಲ ಮೇಸ್ತ್ರಿಗೆ ತನ್ನ ಮನೆತನದ ಕಥೆಯಷ್ಟೇ ಬಾಯಿಪಾಠ.

"ಇದರಲ್ಲಿ ನನ್ನ ಅಡುಗೆಮನೆ ಇಲ್ವೇ ಇಲ್ಲ" ಎಂದಳು ಹೆಂಡತಿ.

"ಅದು ಆಮೇಲೆ ಕಟ್ಟಿಸಿದ್ದು ಕಣೇ. ದೂರದ ದಾರಿ, ಜನಕ್ಕೆ ಎರಡು ಹೊತ್ತು ಊಟ ಹಾಕಬೇಕಲ್ಲ, ಎರಡನೆ ಕಂಪನಿಯವರು ಕೂರಿಸಿದ್ರು."

"ಅದಿಲ್ಲದೇ ಇದ್ದಾಗ ಎಷ್ಟು ನೆಟ್ಟಗೆ ನಿಂತಿದ್ದಾಳೆ ನೋಡಿ. ಡಬ್ಬಿಗಳೂ ಎರಡು ಕಡೆ ಸಮ ಸಮ."

ಮೇಸ್ತ್ರಿ ನೋಡಿದ. ಬಲಬದಿಯಲ್ಲಿ ಬರಿಯ ಕಟಕಟೆ, ಅದಕ್ಕೆ ಒರಗಿ ನಿಂತ ನಾಲ್ಕಾರು ಹೆಂಗಸರು, ಆಚೆ ಆಕಾಶ. ಬೇರೆ ಏನೂ ಇಲ್ಲ. ಅವನ ಕಿವಿಯೊಳಗೆ ಹಳೆಯ ಮೇಸ್ತ್ರಿಯ ಒಡಕು ದನಿ ಎದ್ದಿತು. *ಅವಳ ಬಲಗೈ ಖಾಲಿ ಇಲ್ಲ.*

ಅವನು ಮೆಲ್ಲನೆ ಆ ನೀಲಿ ಬೆಂಚಿನ ಅಂಚಿಗೆ ಕುಸಿದು ಕುಳಿತ.

"ಏನಾಯ್ತು ರೀ? ನೀರು ತರಲಾ?"

"ಬಲಗೈಯಲ್ಲಿ ಇದ್ದದ್ದು ನಿನ್ನ ಅಡುಗೆಮನೆ ಕಣೇ" ಎಂದ. "ನಿನ್ನ ಒಲೆ, ನಿನ್ನ ತೊಟ್ಟಿ, ಆ ಶೀತಲ ಕೋಣೆ. ಅದರ ಭಾರಕ್ಕೆ ಸರಿತೂಗಲಿ ಅಂತ ಎಡಕ್ಕೆ ಲಾರಿ. ಅಷ್ಟೇ. ಹುಟ್ಟುಗುಣಾನೂ ಇಲ್ಲ, ಮಣ್ಣೂ ಇಲ್ಲ. ಅಡುಗೆಮನೆ ಕಿತ್ಕೊಂಡು ಹೋದ್ರು, ಬಲಗೈ ಖಾಲಿ ಆಯ್ತು. ನಾವು ಮಾತ್ರ ಎಡಗೈಗೇ ಹೇರ್ತಾ ಇದ್ದೀವಿ. ವಾಲದೆ ಏನು ಮಾಡ್ತಾಳೆ? ಬೆನ್ನು ಮುರಿದ್ರು ಅಂತ ಊರಿಗೆಲ್ಲ ಬೈದೆ. ಮುರೀತಾ ಇದ್ದದ್ದು ನಾವೇ."

"ಇಲ್ಲಿಗೆ ಒಂದು ಸಲ ಬಂದು ನೋಡಿದ್ರೆ ಆವತ್ತೇ ಹೊಳೀತಿತ್ತು ನಿಮಗೆ."

"ಬರೋಕೆ ಮನಸ್ಸಾಗಲಿಲ್ಲ."

ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಚದುರಿದ ಕೂದಲನ್ನು ಒಪ್ಪ ಮಾಡಿದಳು. "ಆಚೆ ದಡ ಬಂತು. ಕೂತಿರ್ತೀರಾ, ಏಳ್ತೀರಾ?"

ಆಚೆ ಧಕ್ಕೆಯಲ್ಲಿ ಗಾಡಿಗಳೆಲ್ಲ ಇಳಿದು, ಮರಳುವ ಗಾಡಿಗಳು ಸಾಲುಗಟ್ಟಿದ್ದವು. ಮುಂದುಗಡೆ ಇಟ್ಟಿಗೆಯ ಲಾರಿ, ಅದರ ಹಿಂದೆ ನೀರಿನ ಪೈಪುಗಳನ್ನು ಹೊತ್ತ ಇನ್ನೊಂದು ಲಾರಿ. ಮಗಳು ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಏದುಸಿರು ಬಿಡುತ್ತಾ ಕೆಳಗಿಳಿದು ಬಂದ.

"ಅಪ್ಪ, ಪ್ರಯಾಣಿಕರು ಕೆಳಗೆ ಬರೋ ಹಾಗಿಲ್ಲ. ಈ ಬೋರ್ಡು ನೀವೇ ಬರೆಸಿದ್ದು."

"ಇರಲಿ, ದಂಡ ಹಾಕು. ಮೊದಲು ಒಂದು ಮಾತು ಕೇಳು." ಅವನು ಮಗಳ ಮುಖ ನೋಡಲಾರದೆ ಇಟ್ಟಿಗೆಯ ಲಾರಿಯನ್ನೇ ನೋಡುತ್ತಾ ನಿಂತ. ಒಂದು ಆಯುಷ್ಯದ ಪಾಠವನ್ನು ನುಂಗಿಕೊಳ್ಳುವುದು ಸುಲಭವಲ್ಲ. ಗಂಟಲಿಗೆ ಅದರ ಮೂಲೆಗಳು ತಾಗುತ್ತವೆ. "ಭಾರ ಎಡಕ್ಕೆ ಅಂತ ನಾನು ಹೇಳಿಕೊಟ್ಟದ್ದು ಇದೆಯಲ್ಲ, ಅದನ್ನ ಬಿಟ್ಟುಬಿಡು ಮಗಳೇ. ಎರಡೂ ಕಡೆ ಸಮ ಹಾಕು. ನಿನ್ನಮ್ಮನ ಅಡುಗೆಮನೆಗೆ ಅಂತ ಇದ್ದ ಪದ್ಧತಿ ಅದು. ಅಡುಗೆಮನೆಯೇ ಇಲ್ವಲ್ಲ. ತಳದಲ್ಲಿ ಬಲಗಡೆ ತೊಟ್ಟಿಗೆ ತುಂಬಿದ ನೀರೂ ಖಾಲಿ ಮಾಡ್ಸು."

ಮಗಳ ಕಿವಿಯ ತುದಿ ಕೆಂಪಾಯಿತು. ಚಿಕ್ಕವಳಿದ್ದಾಗ ಏನಾದರೂ ಬಚ್ಚಿಟ್ಟುಕೊಂಡರೆ ಅವಳ ಕಿವಿ ಹೀಗೆಯೇ ಕೆಂಪಾಗುತ್ತಿತ್ತು.

"ನಿನಗೆ ಗೊತ್ತಿತ್ತಾ?" ಎಂದ ಮೇಸ್ತ್ರಿ.

"ಖಚಿತ ಇರಲಿಲ್ಲ ಅಪ್ಪ. ಒಂದು ಅನುಮಾನ ಇತ್ತು. ಹೋದ ತಿಂಗಳಿಂದ."

"ಬದಲಾಯಿಸಿ ನೋಡಬಾರದಿತ್ತಾ? ಹಡಗು ಹೋಗೋ ಹಾಗಾಯ್ತಲ್ಲೇ!"

"ನೀವು ವಾರಕ್ಕೊಂದು ಸಲ ಬಂದು, ಇಲ್ಲಿ ನಿಂತು, ಲಾರಿ ಎಡಕ್ಕೆ ಹೋಗೋದನ್ನ ನೋಡಿ, ಸರಿಯಾಗಿ ಕಲ್ತಿದ್ದಾಳೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಹೋಗ್ತಿದ್ರಿ. ಹೇಗೆ ಬದಲಾಯಿಸೋದು?" ಅವಳ ದನಿ ಒಡೆಯಿತು, ಕೂಡಲೇ ಸಾವರಿಸಿಕೊಂಡಳು. "ಇವತ್ತು ಏನಾದರೂ ಆಗಲಿ, ಬರುವಾಗ ಹಾಕೇಬಿಡಬೇಕು ಅಂತಿದ್ದೆ. ಆದರೆ ಕೈ ಏಳುತ್ತೋ ಇಲ್ವೋ ಅಂತ ಭಯ ಇತ್ತು."

ಇಟ್ಟಿಗೆ ಲಾರಿಯವನು ತಾಳ್ಮೆಗೆಟ್ಟು ಹಾರನ್ನು ಒತ್ತಿದ. "ಏನಕ್ಕಾ, ಅಪ್ಪ ಮಗಳು ಹಬ್ಬ ಮಾಡ್ತಿದೀರಾ? ಎಲ್ಲಿ ನಿಲ್ಲಿಸ್ಲಿ, ಎಡಕ್ಕೆ ತಾನೆ?"

ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಎದ್ದ ಕೈಯನ್ನು ಅವನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿ, ಬೆನ್ನ ಹಿಂದೆ ಕಟ್ಟಿಕೊಂಡ. "ನೋಡ್ತಾ ನಿಂತೆ ಯಾಕೆ? ನಿನ್ನ ಹಡಗು" ಎಂದ ಮಗಳಿಗೆ.

ಮಗಳು ತೋಳು ಚಾಚಿ ಲಾರಿಯನ್ನು ಬಲಕ್ಕೆ ಕರೆದಳು. ಎಷ್ಟೋ ಕಾಲದಿಂದ ಭಾರವನ್ನೇ ಕಾಣದ ಆ ಬದಿಯ ನೆಲ ಚಕ್ರದಡಿ ಒಮ್ಮೆ ಗುಡುಗಿ ಸುಮ್ಮನಾಯಿತು. ಪೈಪಿನ ಲಾರಿ ಎಡಕ್ಕೆ ಹೋಯಿತು. ಕಾರುಗಳನ್ನು ಅವಳು ಅತ್ತ ಒಂದು ಇತ್ತ ಒಂದು ಎಂದು ಹಂಚಿದಳು. ಬಲಗಡೆಯ ತೊಟ್ಟಿ ಖಾಲಿ ಮಾಡಲು ಇಂಜಿನ್ ಮನೆಗೆ ಹೇಳಿ ಕಳಿಸಿದಳು. ನಡುವೆ ಒಮ್ಮೆಯೂ ತಂದೆಯ ಮುಖ ನೋಡಲಿಲ್ಲ. ಅದು ಅವನಿಗೆ ಹಿತವೆನಿಸಿತು.

ಹಡಗು ತಿರುಗಿ ಹೊರಟಾಗ ಮೇಸ್ತ್ರಿ ಮೇಲೆ ಹತ್ತಿ ಹೆಂಡತಿಯ ಪಕ್ಕ ಕುಳಿತ. ಅವಳು ಚಹಾದ ಲೋಟವನ್ನು ಅಂಚಿನವರೆಗೆ ತುಂಬಿಸಿಕೊಂಡು ಬಂದು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಳು. ತನ್ನ ಒಲೆ ಇದ್ದಲ್ಲಿಗೆ ಸರಿಯಾಗಿ. ಇಬ್ಬರೂ ಅದನ್ನೇ ನೋಡುತ್ತಾ ಕುಳಿತರು. ಅಧಿಕಾರಿ ಬಂದು, ಇವರ ಕಾಲ ಬಳಿಯೇ ಮಂಡಿಯೂರಿ ರಸಮಟ್ಟವನ್ನಿಟ್ಟ. ಗುಳ್ಳೆ ಅತ್ತಿತ್ತ ತಡವರಿಸಿ, ಮನೆ ಗುರುತು ಹಿಡಿದವರಂತೆ ನಡುವಿಗೆ ಬಂದು ನಿಂತಿತು. ಅವನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಹಡಗಿನ ಹಿಂದುಗಡೆಗೂ ಮುಂದುಗಡೆಗೂ ಹೋಗಿ ಇಟ್ಟು ನೋಡಿ ಬಂದ.

"ಯಜಮಾನ್ರೇ, ಇವಳ ಬೆನ್ನು ಚೆನ್ನಾಗಿದೆ. ಪರವಾನಗಿಗೆ ಬರೀತೀನಿ" ಎಂದ. "ಏನು ಮಾಡಿದ್ರಿ?"

"ನಾನೇನೂ ಮಾಡಿಲ್ಲ ಸಾರ್" ಎಂದ ಮೇಸ್ತ್ರಿ. "ಮಾಡ್ತಾ ಇದ್ದದ್ದನ್ನ ನಿಲ್ಲಿಸಿದೆ. ನೀವು ಕೇಳಿದ್ದು ಸರಿಯಾಗೇ ಇತ್ತು. ಬೆಳಿಗ್ಗೆ ಸ್ವಲ್ಪ ಜೋರಾಗಿ ಮಾತಾಡ್ದೆ, ಮನಸ್ಸಿಗೆ ಹಾಕ್ಕೋಬೇಡಿ."

"ನಮ್ಮ ತಾತನ ಹತ್ರ ದಿನಾ ಬೈಸ್ಕೊಂಡು ಬೆಳೆದವನು ನಾನು. ಅಭ್ಯಾಸ ಇದೆ" ಎಂದು ಅಧಿಕಾರಿ ನಗುತ್ತಾ ರಸಮಟ್ಟವನ್ನು ಚೀಲಕ್ಕೆ ಸೇರಿಸಿದ.

ಲೋಟದ ಚಹಾ ಒಂದು ಹನಿಯೂ ಚೆಲ್ಲಿರಲಿಲ್ಲ. ಹೆಂಡತಿ ಅದನ್ನು ಗಂಡನ ಕೈಗೆ ಕೊಟ್ಟಳು. "ಸೂಪು ಸರಿಯಾಗಿ ನಿಂತಿದೆ. ಕುಡೀರಿ" ಎಂದಳು. ಮೇಸ್ತ್ರಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕುಡಿದ. ಚಹಾ ಆರಿತ್ತು, ಅವನು ಹೇಳಲಿಲ್ಲ.

ದಡ ಬಂತು. ಮಗಳು ಬಾಗಿಲಲ್ಲೇ ನಿಂತು ಕೈಬೀಸಿದಳು. ಇಳಿಜಾರಿನ ಬಾಯಿಗೆ ಬರುತ್ತಲೇ ಮೇಸ್ತ್ರಿಯ ಬಲಗೈ ತಾನಾಗಿ ಹೆಂಡತಿಯ ಮೊಣಕೈಯ ಕೆಳಗೆ ಹೋಯಿತು.

ಅವಳು ನಿಂತಳು. "ರೀ, ಸೊಂಟ ಕೂಡಿ ಯಾವ ಕಾಲ ಆಯ್ತು! ನೀವು ಹಿಡಿದಷ್ಟು ಹೊತ್ತೂ ನಾನು ನಿಮ್ಮ ಕಡೆಗೇ ವಾಲ್ತೀನಿ. ಬಿಡಿ, ನೋಡೋಣ."

ಮೇಸ್ತ್ರಿ ಬಿಟ್ಟ. ಬಿಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿದ, ಹೊರತೆಗೆದ, ಬೆನ್ನ ಹಿಂದೆ ಒಯ್ದ. ಹೆಂಡತಿ ಮೆಲ್ಲಮೆಲ್ಲನೆ, ಆದರೆ ನೆಟ್ಟಗೆ ಇಳಿಜಾರನ್ನು ಇಳಿದು ಕೆಳಗೆ ಹೋಗಿ ತಿರುಗಿ ನೋಡಿದಳು. ಅವನು ಇನ್ನೂ ಮೇಲೆಯೇ ನಿಂತಿದ್ದ.

"ಬನ್ನಿ, ಬನ್ನಿ" ಎಂದು ಅವಳು, ಲಾರಿಗಳನ್ನು ಕರೆಯುವ ಅವನದೇ ಸನ್ನೆಯಲ್ಲಿ, ಎರಡೂ ಕೈಯಾಡಿಸಿ ಕರೆದಳು. ಅವನು ಬಳಿಗೆ ಬಂದಾಗ ತನ್ನ ಹೆಗಲ ಚೀಲವನ್ನು ತೆಗೆದು ಅವನ ಬಲಗೈಗೆ ಕೊಟ್ಟಳು.

"ಖಾಲಿ ಇದೆಯಲ್ಲ, ಇದನ್ನ ಹಿಡ್ಕೊಳ್ಳಿ."